ಹಿಡಿಯುವವರೊಬ್ಬರು, ಒತ್ತುವವರೊಬ್ಬರು

ನನ್ನ ತಮ್ಮ ಮುತ್ತರಾಯಪ್ಪ ತೀರಿಕೊಂಡ ಸುದ್ದಿ ತಿಳಿದದ್ದು ಆಷಾಢದ ಒಂದು ಭಾನುವಾರ ಬೆಳಿಗ್ಗೆ. ಸ್ನಾನ ಮುಗಿಸಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಫೋನಿನಲ್ಲಿ ಅವನ ಹೆಂಡತಿ ವೆಂಕಟಲಕ್ಷ್ಮಿ. “ಭಾವಾ, ಎಷ್ಟು ಅಲ್ಲಾಡ್ಸಿದ್ರೂ ನಿಮ್ ತಮ್ಮ ಏಳ್ತಿಲ್ಲ. ಬೇಗ ಬನ್ನಿ” ಎಂದಳು. ನಾನಿರುವ ಸೂಳಗಿರಿಯಿಂದ ಅವರ ಊರು ಮತ್ತಿಗಿರಿಗೆ ಮುಟ್ಟುವಷ್ಟರಲ್ಲಿ ಡಾಕ್ಟರು ನೋಡಿ ಹೋಗಿದ್ದರು. ನಿದ್ದೆಯಲ್ಲೇ ಉಸಿರು ನಿಂತಿತ್ತು. ನನ್ನ ಹಿಂದೆ ಹುಟ್ಟಿದವನು ನನಗಿಂತ ಮುಂಚೆ ಹೊರಟುಹೋದ. ದೇವರ ಇಚ್ಛೆ ನಮಗೆ ಎಟುಕುವುದಲ್ಲ.

ಅಂಗಳದಲ್ಲಿ ಎಲ್ಲರೂ ಕುಳಿತಿದ್ದಾಗ ಅವನ ಫೋನು ಬಡಿದುಕೊಳ್ಳತೊಡಗಿತು. ವೆಂಕಟಲಕ್ಷ್ಮಿಯೇ ಎತ್ತಿಕೊಂಡಳು. ಆ ಕಡೆ ರವಿಕುಮಾರ್, ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅದೇ ಊರಿನ ಯುವಕ. ಹಿಂದಿನ ಸಂಜೆ ಮುತ್ತರಾಯಪ್ಪ ರಿಪೇರಿಗೆಂದು ಅವನ ಬೈಕಿನ ಹಿಂದಿನ ಚಕ್ರ ನೆಲ ಬಿಡುವಂತೆ ತನ್ನ ಸ್ಟ್ಯಾಂಡಿಗೆ ಏರಿಸಿ, ಹೊಸ ಚೈನು ನಾಳೆ ತರುತ್ತೇನೆಂದು ಹೇಳಿ ಬಂದಿದ್ದನಂತೆ. “ಅಣ್ಣಾ, ಎಲ್ಲಿದ್ದೀರಾ? ಗಾಡಿ ಮೇಲೇ ನಿಂತೈತೆ. ಇಳ್ಸೋಕೆ ನಂಗೆ ಧೈರ್ಯ ಇಲ್ಲ” ಎಂದ.

“ಮುಟ್ಬೇಡಪ್ಪ, ಹಂಗೇ ಇರ್ಲಿ. ಅಣ್ಣ ಹೋಗ್ಬುಟ್ರು. ಕಾರ್ಯ ಮುಗಿಸ್ಕಂಡು ನಾನೇ ಬತ್ತೀನಿ” ಎಂದು ಹೇಳಿ ಫೋನು ಇಟ್ಟಳು. ಕಾರ್ಯ ಮುಗಿಯುವವರೆಗೆ ರವಿಕುಮಾರ್ ಕಂಪನಿ ಬಸ್ಸಿನಲ್ಲಿ ಓಡಾಡಿದ. ಅವನ ಗಾಡಿ ಮನೆಯ ಮುಂದೆ ಹಿಂಗಾಲೆತ್ತಿದ ಕರುವಿನಂತೆ ನಿಂತೇ ಇತ್ತು.

ಆ ದಿನ ಕೊಟ್ಟ ಮಾತಿನಿಂದಲೇ ವೆಂಕಟಲಕ್ಷ್ಮಿಯ ಈಗಿನ ದುಡಿಮೆ ಶುರುವಾದದ್ದು.

ಈಗಿನ ಬೈಕುಗಳಲ್ಲಿ ಅನೇಕಕ್ಕೆ ನಡುವಿನ ಸ್ಟ್ಯಾಂಡೇ ಇರುವುದಿಲ್ಲ. ಚೈನು ತೊಳೆಯಬೇಕು, ಎಣ್ಣೆ ಬಿಡಬೇಕು ಎಂದರೆ ಹಿಂದಿನ ಚಕ್ರ ನೆಲ ಬಿಡಬೇಕು. ಅದಕ್ಕೆ ಪ್ಯಾಡಾಕ್ ಸ್ಟ್ಯಾಂಡ್ ಬೇಕು. ಅದೊಂದು ಕಬ್ಬಿಣದ ಕೊಳವೆಯ ಚೌಕಟ್ಟು. ಎರಡು ಪುಟ್ಟ ಗಾಲಿ, ಗಾಡಿಯನ್ನು ಎರಡೂ ಪಕ್ಕದಿಂದ ಹೊರುವ ಎರಡು ಕವೆ, ಒಂದು ಉದ್ದನೆಯ ಹಿಡಿ. ಹಿಡಿಯನ್ನು ಕೆಳಕ್ಕೆ ಒತ್ತಿದರೆ ಚಕ್ರ ಮೇಲೇಳುತ್ತದೆ. ಮುತ್ತರಾಯಪ್ಪ ಇವನ್ನು ತಾನೇ ವೆಲ್ಡಿಂಗ್ ಮಾಡುತ್ತಿದ್ದ, ಮನೆಮನೆಗೆ ಹೋಗಿ ಚೈನಿನ ಕೆಲಸವನ್ನೂ ಮಾಡುತ್ತಿದ್ದ. ಜೊತೆಗೆ ಇವಳು. ಅವನು ಒತ್ತುತ್ತಿದ್ದ, ಇವಳು ಗಾಡಿ ನೆಟ್ಟಗೆ ಹಿಡಿದುಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಅರ್ಧ ಕೆಲಸ ಮಾತ್ರ.

ಈಗ ಅವಳ ಮನೆಗೆ ಬೇರೆ ಆಧಾರವಿಲ್ಲ. ಯಾರದಾದರೂ ಗಾಡಿ ಒಮ್ಮೆ ಉರುಳಿದರೆ ಸಾಕು, ಮತ್ತಿಗಿರಿಯಲ್ಲಿ ಅವಳನ್ನು ಮತ್ತೆ ಕರೆಯುವವರಿಲ್ಲ. ಆಳನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ. ಅದಕ್ಕೆ ಅವಳು ಕಂಡುಕೊಂಡ ದಾರಿ ಸರಳವಾದದ್ದು. ಗಾಡಿಯ ಮನೆಯವರೇ ಹಿಡಿಯಬೇಕು, ತಾನು ಒತ್ತುವುದು. ಕಾರ್ಯ ಮುಗಿದ ಮೇಲೆ ರವಿಕುಮಾರನ ಗಾಡಿಯನ್ನು ಇಳಿಸಿಕೊಟ್ಟದ್ದೂ ಹೀಗೆಯೇ.

“ಒಬ್ರೇ ಒತ್ತೋಕೆ ಹೋದಾಗ್ಲೇ ಗಾಡಿ ಆ ಕಡೆಗೆ ಬೀಳಾದು” ಎನ್ನುತ್ತಾಳೆ. “ನಾವು ಇಬ್ರಿದ್ವಿ, ಅದ್ಕೇ ಬೀಳ್ಲಿಲ್ಲ. ಈಗ್ಲೂ ಇಬ್ರೇ. ಇನ್ನೊಬ್ರು ಮನೆಗೊಬ್ರು ಬದ್ಲಾಯ್ತಾರೆ, ಅಷ್ಟೇಯ.”

ಆಯುಧಪೂಜೆಯ ಬೆಳಿಗ್ಗೆ ಅವಳ ಹಿಂದೆಯೇ ಹೋದೆ. ಇನ್ನೂ ಮಬ್ಬುಗತ್ತಲು. ತಳ್ಳುವ ಗಾಡಿಯಲ್ಲಿ ಸ್ಟ್ಯಾಂಡು, ಬ್ರಷ್ಷು, ಎಣ್ಣೆ ಡಬ್ಬಿ, ಒಣ ಗೋಣಿಚೀಲ. ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬವಿಲ್ಲ. “ಹಬ್ಬ ಇಲ್ದಿದ್ರೆ ಏನಾಯ್ತು ಭಾವಾ, ಕೆಲ್ಸ ಐತಲ್ಲ” ಎಂದು ಮುಂದೆ ನಡೆಯುತ್ತಾಳೆ.

ಮೊದಲ ಮನೆ ರವಿಕುಮಾರನದು. ಬಾಗಿಲಲ್ಲೇ ಕೈ ಚಾಚಿ ಬೈಕಿನ ಕೀ ಇಸಿದುಕೊಳ್ಳುತ್ತಾಳೆ. ಸೆರಗಿನ ತುದಿಗೆ ಅದನ್ನು ಗಂಟು ಹಾಕಿದ ಮೇಲೆಯೇ ಕೆಲಸ. ಇಂಜಿನ್ ಓಡಿಸಿ ಚಕ್ರ ತಿರುಗಿಸಿ ಚೈನು ಒರೆಸುವವರಿದ್ದಾರೆ, ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ. “ಕೀ ನನ್ ಸೆರಗಲ್ಲಿದ್ರೆ ಯಾರ್ ಬೆರಳೂ ಹೋಗಲ್ಲ” ಎಂದು ಗಂಟು ಬಿಗಿಯುತ್ತಾಳೆ. ನೆಲ ಸಮವಾಗಿದೆಯೇ ಎಂದು ಕಾಲಿನಿಂದ ನೋಡುತ್ತಾಳೆ. ಸೈಡ್ ಸ್ಟ್ಯಾಂಡು ಚಾಚಿಯೇ ಇರಬೇಕು. ರವಿಕುಮಾರ್ ಎಡಕ್ಕೆ ನಿಂತು ಗಾಡಿಯನ್ನು ನೆಟ್ಟಗೆ ಮಾಡುತ್ತಾನೆ. ಕವೆ ಎರಡೂ ಕಡೆ ಕೂತಿತೇ ಎಂದು ಬಗ್ಗಿ ನೋಡಿ, ಹಿಡಿಯ ಮೇಲೆ ಮೈಭಾರ ಬಿಡುತ್ತಾಳೆ. ಚಕ್ರ ಮೇಲೇಳುತ್ತದೆ. ಅದನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ ಚೈನಿಗೆ ಎಣ್ಣೆ ಬಿಡುತ್ತಾಳೆ.

ಗಾಡಿ ನೆಟ್ಟಗೆ ನಿಂತದ್ದು ರವಿಕುಮಾರನ ತಾಯಿ ಕಮಲಮ್ಮನಿಗೆ ಬಹಳ ಹಿಡಿಸಿಬಿಟ್ಟಿತು. “ದೇವ್ರು ನಿಂತಂಗೆ ನಿಂತೈತೆ, ಹಿಂಗೇ ಇರ್ಲಿ” ಎಂದು ಅಲ್ಲೇ ಅದರ ಮೈ ತೊಳೆದು, ಗಂಧ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಮಂಗಳಾರತಿ ಮಾಡಿದರು. ಟೈಲ್ಸ್ ನೆಲದ ತುಂಬ ನೀರು. ಕೊನೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಮುಂದಿನ ಚಕ್ರಕ್ಕೆ ಒಂದನ್ನು ಇಟ್ಟಾಯಿತು. ಹಿಂದಿನದು ಗಾಳಿಯಲ್ಲಿದೆ! ಕಮಲಮ್ಮ ಅದರ ನೇರ ಕೆಳಗೆ ಇನ್ನೊಂದನ್ನು ಇಟ್ಟರು.

“ನೀವು ಇಳ್ಸಿಬುಡಿ ಅಕ್ಕಾ. ಹಂಗೇ ಪಚಕ್ ಅಂತದೆ” ಎಂದ ರವಿಕುಮಾರ್.

ವೆಂಕಟಲಕ್ಷ್ಮಿ ಬಗ್ಗಿ ಎರಡು ಹಣ್ಣನ್ನೂ ತೆಗೆದು ಕಮಲಮ್ಮನ ಕೈಗಿಟ್ಟಳು. “ಇಳಿಯೋ ಗಳಿಗೇಲೇ ಗಾಡಿ ಮುಂದಕ್ಕೆ ಓಡಾದು. ನೆಲದಲ್ಲಿ ನೀರು, ಚಕ್ರದ ಕೆಳಗೆ ರಸ. ಪಚಕ್ ಅನ್ನಾದು ನಿನ್ ಕಾಲು ಕಣ್ಲಾ!”

ಬೀದಿಯವರು ಸೇರಿದ್ದರು. ಎದುರುಮನೆಯ ಚಿನ್ನಸ್ವಾಮಿ, ಹಬ್ಬದ ದಿನ ಸಾವಿನ ಮನೆಯವಳನ್ನು ಕರೆಸಬೇಕಿತ್ತೇ ಎಂದು ಮೊದಲಿನಿಂದಲೂ ಗೊಣಗುತ್ತಿದ್ದವರು, ಈಗ ಜೋರಾಗಿಯೇ ಕೇಳಿದರು: “ಏನಮ್ಮಾ, ಪೂಜೆಗೂ ನಿನ್ ರೂಲ್ಸಾ? ಶಾಸ್ತ್ರ ಬ್ಯಾಡ್ವಾ?”

ಅವಳ ಮುಖ ಒಂದು ಕ್ಷಣ ಬಾಡಿತು. ಇಳಿಸುವುದಿಲ್ಲವೆಂದರೆ ಈ ಬೀದಿಯ ಕೆಲಸ ಹೋಗಬಹುದು. ಹಣ್ಣಿನ ಮೇಲೆ ಇಳಿಸಲು ಹೋಗಿ ಗಾಡಿ ಜಾರಿದರೆ ಊರಿನ ಕೆಲಸವೇ ಹೋಗುತ್ತದೆ. ನಾನೇ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನಕ್ಕಳು.

“ಶಾಸ್ತ್ರ ಬ್ಯಾಡ ಅಂದೋರ್ ಯಾರು ಚಿನ್ನಸ್ವಾಮಣ್ಣ? ಮೊದ್ಲು ಗಾಡಿ ನೆಲ ಮುಟ್ಲಿ, ಆಮೇಲೆ ನಿಂಬೆಹಣ್ಣು. ದೇವ್ರು ಬಂದು ಹ್ಯಾಂಡಲ್ ಹಿಡ್ಕಳಲ್ಲ, ನೀವೇ ಹಿಡ್ಕಬೇಕು. ಬನ್ನಿ.”

“ನಾನಾ?”

“ಹೂಂ ಹೋಗಪ್ಪ, ಇಷ್ಟೊತ್ತೂ ಬಾಯಿ ಹಿಡ್ಕಳಲಿಲ್ಲ, ಹ್ಯಾಂಡಲಾದ್ರೂ ಹಿಡ್ಕ” ಎಂದರು ಕಮಲಮ್ಮ. ಬೀದಿಯೆಲ್ಲ ನಕ್ಕಿತು. ಚಿನ್ನಸ್ವಾಮಿ ಬಿಳಿ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬಂದೇ ಬಂದರು.

ವೆಂಕಟಲಕ್ಷ್ಮಿ ಮೊದಲು ನೆಲವನ್ನೆಲ್ಲ ಗೋಣಿಚೀಲದಿಂದ ಒರೆಸಿದಳು. ಗಾಡಿಯನ್ನು ಮೊದಲನೇ ಗೇರಿಗೆ ಹಾಕಿಸಿದಳು. ಸೈಡ್ ಸ್ಟ್ಯಾಂಡನ್ನು ಮುಟ್ಟಿ ನೋಡಿದಳು. “ಎಡಗಡೆ ನಿಂತ್ಕಳ್ಳಿ ಅಣ್ಣಾ. ಮುಂದಿನ ಬ್ರೇಕು ಬಿಡಬ್ಯಾಡಿ. ನಾನು ಆಯ್ತು ಅನ್ನೋಗಂಟ ಮಾತೂ ಆಡ್ಬ್ಯಾಡಿ.”

ಹಿಡಿ ನಿಧಾನವಾಗಿ ಮೇಲೆ ಬಂತು. ಚಕ್ರ ಸದ್ದಿಲ್ಲದೆ ನೆಲ ಮುಟ್ಟಿತು. ಗಾಡಿ ಕೊಂಚ ಮುಂದಕ್ಕೆ ತುಯ್ದು ನಿಂತಿತು. ಸೈಡ್ ಸ್ಟ್ಯಾಂಡಿನ ಮೇಲೆ ಒರಗಿಸಿದ ಮೇಲೂ ಚಿನ್ನಸ್ವಾಮಿ ಬ್ರೇಕು ಬಿಟ್ಟಿರಲಿಲ್ಲ.

“ಆಯ್ತಣ್ಣಾ, ಉಸ್ರು ಬುಡಿ” ಎಂದಾಗ ಮತ್ತೊಮ್ಮೆ ನಗು.

ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟಳು. ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟದ್ದಾಯಿತು. ರವಿಕುಮಾರ್ ಗಾಡಿ ಏರಿ ಅವುಗಳ ಮೇಲೆ ಹಾಯಿಸಿ ಬೀದಿಯ ತುದಿಯವರೆಗೆ ಹೋಗಿಬಂದ. ಕಮಲಮ್ಮ ಅವಳ ಕೈಗೆ ಎಲೆಯಲ್ಲಿ ಕಟ್ಟಿದ ಸಿಹಿ ಕೊಟ್ಟರು. ಚಿನ್ನಸ್ವಾಮಿ ಪಂಚೆ ಇಳಿಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, “ನಮ್ ಮನೇಲೂ ಒಂದು ಗಾಡಿ ಐತಮ್ಮ. ಪೂಜೆಗೆ ಮುಂಚೆ ಚೈನು ನೋಡ್ಕೊಡ್ತೀಯಾ?” ಎಂದರು.

“ಹಿಡಿಯೋರು ಯಾರು?”

“ನಾನೇ ಹಿಡೀತೀನಿ, ಇನ್ಯಾರು?”

ಆ ದಿನ ಅವಳು ಮನೆ ಸೇರಿದಾಗ ಬಿಸಿಲು ಇಳಿದಿತ್ತು. ಈ ಕೆಲಸದಲ್ಲಿ ಮುಂದೆ ಏನಾಸೆಯಮ್ಮ ನಿನಗೆ ಎಂದು ಕೇಳಿದೆ. ಸ್ಟ್ಯಾಂಡಿನ ಗಾಲಿ ಒರೆಸುತ್ತ ಹೇಳಿದಳು: “ನಾನು ಹೋದ್ ಮನೇಲೆಲ್ಲ ಇಬ್ರು ಕಲ್ತಿರ್ಬೇಕು ಭಾವಾ. ಗಂಡ ಹೆಂಡ್ತಿನೋ, ತಾಯಿ ಮಗನೋ. ಆಮೇಲೆ ಅವ್ರು ನನ್ನ ಕರೀದಿದ್ರೂ ಪರವಾಗಿಲ್ಲ, ಗಾಡಿ ಬೀಳ್ಬಾರ್ದು. ಇವತ್ತು ಚಿನ್ನಸ್ವಾಮಣ್ಣನೇ ಕಲ್ತ್ಬುಟ್ರು, ಇನ್ಯಾರು ಕಲಿಯಲ್ಲ ಹೇಳಿ!” ಎಂದು ನಕ್ಕಳು. ಆಷಾಢದಿಂದೀಚೆಗೆ ಅವಳು ಹೀಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಬೆಟ್ಟದ ಮೇಲಿನ ಚಂದ್ರಚೂಡೇಶ್ವರಾ, ದುಡಿದು ದಣಿದ ನನ್ನ ತಮ್ಮನನ್ನು ನಿನ್ನ ಪಾದದ ಬಳಿ ಇರಿಸಿಕೊ. ಅವನ ಮನೆಯ ಚಿಂತೆ ಅವನನ್ನು ಅಲ್ಲಿ ಬಾಧಿಸದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ.