ಹೆಸರು ಬರೆಯುವ ತಗಡು

ಟಕ್.

ಸ್ವಿಚ್ಚು ಬಂದ್ ಆದ ಸದ್ದು, ಅಷ್ಟೇ. ಗೋಡೆಯ ಮೇಲಿನ ಕಪ್ಪು ಪೆಟ್ಟಿಗೆಯ ನಾಲ್ಕು ಹಸಿರು ದೀಪಗಳು ಒಮ್ಮೆಲೇ ಆರಿದವು. ನಿರ್ಮಲಾ ಕೈಗಡಿಯಾರ ನೋಡಿಕೊಂಡಳು. ಹನ್ನೊಂದಕ್ಕೆ ಹತ್ತು ನಿಮಿಷ. ಇನ್ನು ಅವಳು ಮತ್ತೆ ದೀಪ ಹೊತ್ತಿಸುವವರೆಗೆ ಈ ಮನೆಗೆ ಯಾವ ಫೋನೂ ಬರುವಂತಿಲ್ಲ.

ಬೇರೆ ಮನೆಯಾಗಿದ್ದರೆ ಅದು ದೊಡ್ಡ ಮಾತಲ್ಲ. ಇದು ಖೇಮಪ್ಪನ ಮನೆ. ಮುಂಡಗೋಡದ ಕಡೆಯ ಇಂದೂರಿನಿಂದ ಒಳಗೆ, ಗುಡ್ಡದ ಮಗ್ಗುಲಿನ ತಗ್ಗಿನಲ್ಲಿ ಕೂತ ತಾಂಡಾ. ಟವರಿನ ಸಿಗ್ನಲ್ಲು ಆ ಗುಡ್ಡ ದಾಟಿ ಇಳಿಯುವುದಿಲ್ಲ. ಕಂಬದಿಂದ ಕಂಬಕ್ಕೆ ಹಾದು ಬಂದ ಇಂಟರ್ನೆಟ್ಟಿನ ತಂತಿಯೇ ಗತಿ. ಪೆಟ್ಟಿಗೆ ವೈಫೈ ಕೊಟ್ಟರೆ ಮೊಬೈಲು ಅದರ ಮೇಲೆ ಮಾತಾಡುತ್ತದೆ, ಇಲ್ಲದಿದ್ದರೆ ಮೂಕವಾಗುತ್ತದೆ. ಖೇಮಪ್ಪನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷ. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಾನೆ. ಅಲ್ಲಿನ ಆಸ್ಪತ್ರೆಯ ಪಟ್ಟಿಯಲ್ಲಿ ಅವನ ಹೆಸರು ಮೇಲಕ್ಕೆ ಬಂದಿತ್ತು. ತೀರಿಕೊಂಡವರ ಕಿಡ್ನಿ ಇವನಿಗೆ ಹೊಂದಿದರೆ ಫೋನು ಬರುತ್ತದೆ. ತಾಸಿನೊಳಗೆ ಎತ್ತದಿದ್ದರೆ ಅದು ಪಟ್ಟಿಯ ಮುಂದಿನವರಿಗೆ. ಹೋದ ತಿಂಗಳು ಹಾಗೇ ಆಯಿತು. ಸಂಜೆ ಏಳರ ಸುಮಾರಿಗೆ ಮೂರು ಸಲ ಕರೆದರಂತೆ. ಪೆಟ್ಟಿಗೆ ಸತ್ತಿತ್ತು. ಖೇಮಪ್ಪನ ಪಾಲಿಗೆ ಬರಬೇಕಾಗಿದ್ದದ್ದು ಇನ್ನಾರದೋ ಪಾಲಿಗೆ ಹೋಯಿತು.

ಅಂದಿನಿಂದ ಅವನ ಹೆಂಡತಿ ಚಾಂದಿಬಾಯಿ ಕಂಪನಿಯ ಪೆಟ್ಟಿಗೆಯ ಮೇಲೆ ಹಲ್ಲು ಕಡಿಯುತ್ತಿದ್ದಳು. ಕಂಪನಿಯವರು ಎರಡು ಸಲ ಬಂದು ಅದಕ್ಕೇನೂ ಆಗಿಲ್ಲ ಎಂದು ಹೇಳಿಹೋದರು. ಅವಳು ನಂಬಲಿಲ್ಲ. ದಾಂಡೇಲಿಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಮಗಳು ರೀನಾ, ಅಲ್ಲಿಗೆ ವೈಫೈ ಕೂಡಿಸಿದ್ದ ನಿರ್ಮಲಾಳನ್ನೇ ಹಿಡಿದು, ಕಂಪನಿಯದು ಬೇಡ, ನಮ್ಮದೇ ಸಾಮಾನು ಹಾಕಿಕೊಡಿ ಎಂದು ಕಳಿಸಿದ್ದಳು. ಹಾಗೆ ನಿರ್ಮಲಾ ಬೆಳಗಿನ ಮೊದಲ ಬಸ್ಸು ಹಿಡಿದು, ಹಳಿಯಾಳದಲ್ಲಿ ಇಳಿದು ಇನ್ನೊಂದು ಹತ್ತಿ, ಇಲ್ಲಿಗೆ ಬಂದಿದ್ದಳು.

ಕೆಲಸ ಶುರುವಾಗುವ ಮೊದಲು ಚಾಂದಿಬಾಯಿ ಗೋಡೆಯ ಕಡೆ ಕೈ ತೋರಿಸಿ, "ಇದು ಮಾಟಗಾತಿ ಐತ್ರಿ ಬಾಯರ. ನಾ ಮನ್ಯಾಗ ಇದ್ದಾಗ ಶಾಣ್ಯಾ ಇರತೈತಿ. ನಾ ಆರಕ್ಕ ಹಾಲು ಹಾಕಾಕ ಡೇರಿಗೆ ಹೋದ್ರ ಸಾಕು, ಏಳೂವರಿಗೆ ಬರೂತನಾ ಮಕ್ಕೊಂತೈತಿ. ಸಂಜೀಮುಂದ ರೀನಾ ಎಷ್ಟ್ ಹಚ್ಚಿದ್ರೂ ಹತ್ತಂಗಿಲ್ಲ" ಎಂದಿದ್ದಳು. ನಿರ್ಮಲಾ ನಕ್ಕಿದ್ದಳು. ಮೂಲೆಯ ಮಂಚದ ಮೇಲೆ ಕೂತಿದ್ದ ಖೇಮಪ್ಪ ನಕ್ಕಿರಲಿಲ್ಲ.

ಈಗ ಚಾಂದಿಬಾಯಿ ಮನೆಯಲ್ಲಿಲ್ಲ. ದೀಪ ಆರುವ ಮೊದಲೇ ಗಂಡನ ಮೊಬೈಲು ಹಿಡಿದು ಕೆರೆಯ ಏರಿಗೆ ಹೋಗಿದ್ದಳು. ತಾಂಡಾಕ್ಕೆಲ್ಲ ಸಿಗ್ನಲ್ಲು ಸಿಗುವುದು ಅಲ್ಲೊಂದೇ ಕಡೆ. ಪೆಟ್ಟಿಗೆ ಬದಲಾಗುವ ತನಕ ಆಸ್ಪತ್ರೆಯ ಕರೆ ಬಂದರೆ ಅಲ್ಲಾದರೂ ಸಿಗಲಿ ಎಂದು. ಕಿಟಕಿಯಿಂದ ನೋಡಿದರೆ ಕಾಣುತ್ತಿದ್ದಳು. ಮೊಬೈಲನ್ನು ತಲೆಯ ಮೇಲಕ್ಕೆತ್ತಿ, ಬಿಸಿಲಲ್ಲಿ ಕಂಬದ ಹಾಗೆ ನಿಂತಿದ್ದಳು.

ನಿರ್ಮಲಾ ಚೀಲದಿಂದ ಅಂಗೈಯಗಲದ ಒಂದು ಕೆಂಪು ತಗಡು ತೆಗೆದು ಸ್ವಿಚ್ಚಿಗೆ ತೂಗುಹಾಕಿದಳು. ಕೆಲಸ ನಡೆದಿದೆ, ಮುಟ್ಟಬೇಡಿ ಎಂದು ಬಿಳಿ ಬಣ್ಣದ ಅಕ್ಷರ, ಕೆಳಗೆ ಸೀಮೆಸುಣ್ಣದಲ್ಲಿ ಅವಳ ಹೆಸರು. ತಗಡು ಅವಳ ತಂದೆ ದ್ಯಾಮಪ್ಪನದು. ಬೈಲಹೊಂಗಲದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಮಿಲ್ಲಿನ ವಿದ್ಯುತ್ ವಿಭಾಗ ಸೇರಿದವನು ಅವನು. ಮಿಲ್ಲಿನ ಭೋಂಗಾ ಕೂಗಿದಾಗ ಎದ್ದು, ಕೂಗಿದಾಗ ಉಂಡು, ಮೂವತ್ತೊಂದು ವರ್ಷ ತೆಗೆದ. ಯಂತ್ರ ನಿಲ್ಲಿಸಿದವನು ಅದರ ಸ್ವಿಚ್ಚಿಗೆ ತನ್ನ ಹೆಸರು ತೂಗುಹಾಕಬೇಕು, ಹಾಕಿದವನೇ ತೆಗೆಯಬೇಕು, ಸಾಹೇಬ ಬಂದು ಹೇಳಿದರೂ ಇನ್ನೊಬ್ಬ ಮುಟ್ಟಬಾರದು. ಇದು ಅವನು ಮಗಳಿಗೆ ಕಲಿಸಿದ ಮೊದಲ ಪಾಠ. ಮನೆಯಲ್ಲಿ ಫ್ಯೂಜು ಕಟ್ಟುವಾಗಲೂ ತಗಡು ಹಾಕುತ್ತಿದ್ದ. ಅವ್ವ ಮಾಲವ್ವ, ಮನ್ಯಾಗೂ ಮಿಲ್ ನಡಸ್ತಾನ ನೋಡು ಎಂದು ಆಡಿಕೊಳ್ಳುತ್ತಿದ್ದಳು. ಅವನು ಹೋಗಿ ಆರು ವರ್ಷವಾಯಿತು. ಕೇಬಲ್ ಟಿವಿಯ ತಂತಿ ಎಳೆಯುವುದರಿಂದ ಶುರುಮಾಡಿ ಇಪ್ಪತ್ತು ವರ್ಷದಿಂದ ಇದೇ ಕಸುಬಿನಲ್ಲಿರುವ ನಿರ್ಮಲಾ ಅಂದಿನಿಂದ ಒಂದು ದಿನವೂ ಅದನ್ನು ಬಿಟ್ಟು ಕೆಲಸಕ್ಕೆ ಹೊರಟವಳಲ್ಲ.

ಕಂಪನಿಯ ಪೆಟ್ಟಿಗೆ ಒಂದೇ, ಹೊಟ್ಟೆಯೊಳಗಿನ ಕೆಲಸ ಎರಡು. ತಂತಿಯೊಳಗಿನ ಗಾಜಿನ ಎಳೆಯಲ್ಲಿ ಬೆಳಕಾಗಿ ಬಂದ ಮಾತನ್ನು ತಿಳಿದುಕೊಳ್ಳುವುದು ಒಂದು, ಅದನ್ನು ಮನೆಗೆಲ್ಲ ಹಂಚುವುದು ಇನ್ನೊಂದು. ಈಗ ಅದರ ಜಾಗದಲ್ಲಿ ಎರಡು ಬೇರೆ ಬೇರೆ ಪೆಟ್ಟಿಗೆ, ಒಂದು ಮೋಡೆಮ್, ಒಂದು ರೌಟರ್. ಎರಡಕ್ಕೂ ಕರೆಂಟು ಹೋದರೆ ಉಣಿಸಲು ಒಂದು ಪುಟ್ಟ ಬ್ಯಾಟರಿ. ಅವಳು ಹಳೆಯ ಪೆಟ್ಟಿಗೆಯಿಂದ ತಂತಿಯ ತುದಿಯನ್ನು ಉಸಿರು ಬಿಗಿಹಿಡಿದು ಬಿಡಿಸಿದಳು. ಒಳಗಿನ ಗಾಜಿನ ಎಳೆ ತಲೆಗೂದಲಿನಷ್ಟು ಸಪೂರ. ಮುರಿದರೆ ಕೂಡಿಸುವ ಯಂತ್ರ ಮುಂಡಗೋಡದಿಂದ ಬರಲು ಎರಡು ದಿನ ಬೇಕು. ಎರಡು ದಿನ ಚಾಂದಿಬಾಯಿ ಏರಿಯ ಮೇಲೆ ನಿಲ್ಲಬೇಕಾಗುತ್ತದೆ. ತುದಿಯನ್ನು ಒರೆಸಿ, ಹೊಸ ಮೋಡೆಮ್ಮಿಗೆ ಒತ್ತಿ, ತನ್ನ ತಗಡು ತೆಗೆದು ಸ್ವಿಚ್ಚು ಹಾಕಿದಳು.

ಕೆಂಪು ದೀಪ ಮಿಣುಕತೊಡಗಿತು. ಐದು ನಿಮಿಷ, ಹತ್ತು ನಿಮಿಷ. ಹಸಿರಾಗಲಿಲ್ಲ.

ಹೊಸ ಮೋಡೆಮ್ಮಿನ ನಂಬರನ್ನು ಕಂಪನಿಯ ಮುಂಡಗೋಡ ಆಫೀಸಿನಲ್ಲಿ ಯಾರಾದರೂ ದಾಖಲು ಮಾಡದ ಹೊರತು ಅದು ಹಸಿರಾಗುವುದಿಲ್ಲ. ಹತ್ತೂವರೆಗೇ ಮಾಡಿಡುತ್ತೇನೆ ಎಂದು ಅಲ್ಲಿನ ಮೌನೇಶ ಮಾತು ಕೊಟ್ಟಿದ್ದ. ಮಾಡಿಲ್ಲ ಎಂದಾಯಿತು. ಅವನನ್ನು ಕೇಳಬೇಕೆಂದರೆ ಇವಳ ಫೋನೂ ಇಲ್ಲಿ ಮೂಕ. ನಿರ್ಮಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿಯತ್ತ ಓಡಿದಳು.

ಏರಿಯ ಮೇಲೆ ಚಾಂದಿಬಾಯಿ ತಿರುಗಿ ನೋಡಿದಳು. ಎತ್ತಿದ ಕೈ ಮಾತ್ರ ಇಳಿಸಲಿಲ್ಲ. ಎರಡು ಮಾರು ದೂರ ನಿಂತು ನಿರ್ಮಲಾ ಮೌನೇಶನಿಗೆ ಹಚ್ಚಿದಳು. ಅವನು, ಅಕ್ಕಾರು ದಾಂಡೇಲಿಯಿಂದ ಬಂದು ನಮ್ಮ ಪೆಟ್ಟಿಗೆ ಕಿತ್ತೊಗೆದರೆ ನಾವೇನು ಮಣ್ಣು ತಿನ್ನಬೇಕೇ ಎಂದು ಚೇಷ್ಟೆ ಮಾಡಿದ. ಇವಳು ನಗದಿದ್ದಾಗ ಸುಮ್ಮನೆ ಕೂತು ನಂಬರು ತುಂಬಿದ. ತುಂಬುತ್ತಲೇ ದನಿ ಬದಲಿಸಿದ.

"ಅಕ್ಕಾರ, ಒಂದ್ ಮಾತು. ಆ ಹಳೇ ಪೆಟ್ಟಿಗಿಗೆ ಖರೇವಂದ್ರೂ ಏನೂ ರೋಗ ಇಲ್ರಿ. ಕರೆಂಟ್ ಹೋದ್ರ ಅದು ಹೋಗೂಮುಂದ ನಮಗ ಒಂದು ಸುದ್ದಿ ಕಳಸತೈತಿ. ಇಲ್ಲಿ ಸಾಲಾಗಿ ಕಾಣಾಕತ್ತೈತಿ. ದಿನಾ ಸಂಜೀ ಆರಕ್ಕ ಹೋಗತೈತಿ, ಏಳೂವರಿಗೆ ಬರತೈತಿ. ಬಾಜು ಮನಿ ಪೆಟ್ಟಿಗಿ ಒಂದೂ ಹೋಗಿಲ್ಲ."

ನಿರ್ಮಲಾ ತಿರುಗಿ ಚಾಂದಿಬಾಯಿಯನ್ನು ನೋಡಿದಳು. ಆರಕ್ಕೆ ಹಾಲಿನ ಕ್ಯಾನು ಹಿಡಿದು ಹೊರಡುವವಳು, ಏಳೂವರೆಗೆ ಮರಳುವವಳು. ಮೊಬೈಲು ಇನ್ನೊಂದು ಕೈಗೆ ದಾಟಿತ್ತು, ಕೆಳಗೆ ಮಾತ್ರ ಇಳಿದಿರಲಿಲ್ಲ. ಇನ್ನೊಂದಿಷ್ಟು ಹೊತ್ತು ಇಲ್ಲೇ ಇರಿ, ಆದಮೇಲೆ ಕೈ ಬೀಸುತ್ತೇನೆ ಎಂದಷ್ಟೇ ಹೇಳಿ ನಿರ್ಮಲಾ ಇಳಿದಳು. ಓಡಿ ಬಂದ ದಾರಿಯಲ್ಲಿ ಈಗ ಕಾಲು ಬೇಗ ಸಾಗಲಿಲ್ಲ.

ಮನೆಯಲ್ಲಿ ದೀಪ ಹಸಿರಾಗಿತ್ತು. ಅವಳು ರೌಟರಿಗೆ ಹಳೆಯ ಪೆಟ್ಟಿಗೆಗಿದ್ದ ಹೆಸರನ್ನೇ ಇಟ್ಟಳು, ಹಳೆಯ ಪಾಸ್‌ವರ್ಡನ್ನೇ ಕೊಟ್ಟಳು. ಹಾಗೆ ಮಾಡಿದರೆ ಖೇಮಪ್ಪನ ಮೊಬೈಲು ಹೊಸಿಲು ದಾಟುತ್ತಲೇ, ಏನೂ ಬದಲಾಗಿಲ್ಲವೆಂಬಂತೆ ತಾನೇ ಕೂಡಿಕೊಳ್ಳುತ್ತದೆ. ಬಾಗಿಲಿಗೆ ಬಂದು ಏರಿಯ ಕಡೆ ಕೈ ಬೀಸಿದಳು. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಳು.

ತಂಬಿಗೆ ಬಗ್ಗಿಸುವಾಗ ಒಳಗಿನಿಂದ ಕೇಳಿಸಿತು. ಟಕ್.

ಒದ್ದೆ ಕೈಯಲ್ಲೇ ಒಳಗೆ ಬಂದಳು. ಖೇಮಪ್ಪ ಗೋಡೆಯ ಮುಂದೆ ನಿಂತಿದ್ದ. ಸ್ವಿಚ್ಚು ಬಂದ್ ಆಗಿತ್ತು. ಹಸಿರು ದೀಪಗಳು ಉರಿಯುತ್ತಲೇ ಇದ್ದವು. ಅವನು ಸ್ವಿಚ್ಚನ್ನೊಮ್ಮೆ, ದೀಪವನ್ನೊಮ್ಮೆ ನೋಡುತ್ತಿದ್ದ.

"ಬ್ಯಾಟರಿ ಐತಿ ಕಾಕಾ. ನಾಲ್ಕು ತಾಸು ನಡೀತೈತಿ," ಅಂದಳು ನಿರ್ಮಲಾ.

ಅವನು ತಿರುಗಲಿಲ್ಲ. ಗೋಡೆಗೇ ಹೇಳುವವನಂತೆ ಮಾತಾಡಿದ.

"ಆ ಫೋನ್ ಬರಬೇಕಂದ್ರ ಯಾರರ ಸಾಯಬೇಕಲ್ಲ, ತಂಗಿ. ಆಕಿ ಇದ್ರ ಏನರ ಮಾತಾಡ್ತಾಳ, ಬೈತಾಳ, ಹೊತ್ತು ಹೊಕ್ಕೈತಿ. ಸಂಜೀಮುಂದ ಒಬ್ಬಾಂವನ ಕುಂತಿರ್ತೇನಿ. ರಸ್ತೆದಾಗ ಹುಡುಗ್ರು ಗಾಡಿ ಜೋರ ಹೊಡಕೊಂಡು ಹೊಕ್ಕಾರ. ನನ್ನ ಕಿವಿ ಅತ್ಲಾಗ ಹೋಗಿ ಕಾಯತೈತಿ. ಏನ್ ಕಾಯಾಕತ್ತೈತಿ ಅಂತ ತಿಳೀತಲ್ಲ ನಿನಗ? ಅದು ತಿಳದ ದಿನಾನ ಬಂದ್ ಮಾಡಾಕ ಹತ್ತಿದೆ."

ಕಿಟಕಿಯಾಚೆ ಚಾಂದಿಬಾಯಿ ಏರಿ ಇಳಿದು ಬರುತ್ತಿದ್ದಳು, ಮೊಬೈಲನ್ನು ತುಂಬಿದ ಹಾಲಿನ ಚೊಂಬಿನಂತೆ ಎರಡೂ ಕೈಯಲ್ಲಿ ಹಿಡಿದು.

"ಆಕಿಗೆ ಹೇಳಬ್ಯಾಡ," ಅಂದ ಖೇಮಪ್ಪ. "ಪೆಟ್ಟಿಗಿ ಕೆಟ್ಟಿತ್ತು ಅಂತ ಹೇಳು. ನಿನ್ನ ಮಾತು ನಂಬತಾಳ."

ಹೇಳಬಹುದಿತ್ತು. ಸುಳ್ಳು ಹೇಳಿದರೆ ಈ ಮನೆಯಲ್ಲಿ ಸಂಜೆಗಳು ಹಾಗೇ ಉಳಿಯುತ್ತವೆ, ಬ್ಯಾಟರಿಯ ತಂತಿ ಕೀಳುವುದನ್ನು ಅವನು ನಾಲ್ಕು ದಿನದಲ್ಲಿ ಕಲಿಯುತ್ತಾನೆ. ನಿಜ ಹೇಳಿದರೆ, ಹೋದ ತಿಂಗಳ ಆ ಮೂರು ಕರೆಗಳ ಭಾರವನ್ನು ಅವನ ತಲೆಯ ಮೇಲೆ ಇವಳೇ ಹೊರಿಸಿದಂತೆ. ಹೊರಿಸಲು ಇವಳು ಯಾರು? ಅವಳು ಚೀಲಕ್ಕೆ ಕೈಹಾಕಿ ಕೆಂಪು ತಗಡು ತೆಗೆದಳು. ಒದ್ದೆ ಹೆಬ್ಬೆರಳಿನಿಂದ ತನ್ನ ಹೆಸರು ಒರೆಸಿದಳು. ತಗಡನ್ನೂ ಸೀಮೆಸುಣ್ಣದ ತುಂಡನ್ನೂ ಅವನ ಕೈಯಲ್ಲಿಟ್ಟಳು.

"ಬಂದ್ ಮಾಡೂದಿದ್ರ ಮಾಡ್ರಿ ಕಾಕಾ. ನಿಮ್ಮ ಜೀವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮಿಲ್ಲಿನ ಪದ್ಧತಿ ಒಂದೈತಿ. ನಿಲ್ಲಸಿದಾಂವ ಹೆಸರು ಬರದು ಇದನ್ನ ಅಲ್ಲಿ ತೂಗು ಹಾಕಬೇಕು. ಹಾಲು ಹಾಕಿ ಬಂದಾಕಿ ಅದನ್ನ ಓದಬೇಕು."

ಖೇಮಪ್ಪ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನನಗ ಬರೆಯಾಕ ಬರೂದು ಹೆಸರಷ್ಟ," ಅಂದ.

"ಅಷ್ಟ ಸಾಕು."

ಚಾಂದಿಬಾಯಿ ಹೊಸಿಲು ದಾಟಿದಳು. ಅವಳ ಕೈಯಲ್ಲಿದ್ದ ಮೊಬೈಲು ಸಣ್ಣಗೆ ಗುಂಯ್ ಅಂದಿತು, ಮನೆಯ ವೈಫೈ ಹಿಡಿದುಕೊಂಡಿತು. ಅವಳು ಪರದೆಯ ಮೇಲಿನ ಗುರುತನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಯಾವ ಫೋನೂ ಬರಲಿಲ್ಲ, ನನ್ನ ತೋಳು ಬಿದ್ದುಹೋಯಿತು ಎಂದು ನಗಲು ನೋಡಿದಳು. ಮೇಜಿನ ಮೇಲೆ ತಂತಿ ಕಳಚಿ ಬಿದ್ದಿದ್ದ ಕಂಪನಿಯ ಪೆಟ್ಟಿಗೆ ಕಣ್ಣಿಗೆ ಬಿತ್ತು.

"ಬಾಯರ, ಕಡೀಕ ತಿಳೀತೇನು? ಈ ಹಾಳಾದ್ದಕ್ಕ ಏನಾಗಿತ್ತು?"

ನಿರ್ಮಲಾ ಖೇಮಪ್ಪನನ್ನು ನೋಡಿದಳು. ಅವನು ಮಂಚದ ಅಂಚಿಗೆ ಕುಳಿತಿದ್ದ, ತಗಡು ತೊಡೆಯ ಮೇಲಿತ್ತು, ಸೀಮೆಸುಣ್ಣ ಹಿಡಿದ ಬೆರಳು ಬಿಳಿಯಾಗಿತ್ತು. ನಿರ್ಮಲಾ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಹಾಕಿದಳು. ಚೀಲ ಹೆಗಲಿಗೇರಿಸಿದಳು.

"ಯಾಕ್ರಿ, ಚಾ ಕುಡೀದನ ಹೊಂಟ್ರಿ? ಏನಾಗಿತ್ತು ಅಂತ ಹೇಳಿ ಹೋಗ್ರಿ. ಬಾಯರ..."

"ಚಾಂದಿ," ಅಂದ ಖೇಮಪ್ಪ.

ನಿರ್ಮಲಾ ಹಿಂದೆ ನೋಡದೆ ಅಂಗಳ ದಾಟಿ ಇಂದೂರಿನ ದಾರಿ ಹಿಡಿದಳು.