ಪ್ರಸಾದಕ್ಕೆ ಒಡ್ಡಿದ ಬಲಗೈ

ನಮ್ಮವರು ಹುಬ್ಬಳ್ಳಿಯ ಮಿಲ್ಲಿನಲ್ಲಿ ಕೆಲಸ ಕಲಿತವರು. ಪಗಾರ ಹೆಚ್ಚೆಂದು ನನ್ನನ್ನೂ ಕಟ್ಟಿಕೊಂಡು ಅಹಮದಾಬಾದಿಗೆ ಬಂದರು. ಅರವತ್ತರ ದಶಕದ ಆರಂಭ. ಗುಜರಾತ್ ಬೇರೆ ರಾಜ್ಯವಾದದ್ದು ಇನ್ನೂ ಹೊಸದು. ಸರಸ್‌ಪುರದ ಚಾಳಿನಲ್ಲಿ ಒಂದು ಕೋಣೆ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಪಕ್ಕದ ಮನೆಯ ಮುದುಕಿಯ ಪರಿಚಯವಾದದ್ದು ಆ ನಳದ ಹತ್ತಿರವೇ. ಎಲ್ಲರೂ ಅವರನ್ನು ‘ಬಾ’ ಎನ್ನುತ್ತಿದ್ದರು, ತಾಯಿ ಎಂದರ್ಥ. ನನ್ನ ಹರಕುಮುರುಕು ಹಿಂದಿಗೆ ನಗುತ್ತಲೇ ಅವರು ನನಗೆ ಗುಜರಾತಿ ಕಲಿಸಿದರು.

ನಮ್ಮವರದು ಕಾರ್ಡಿಂಗ್ ಖಾತೆ, ಎಂದರೆ ಅರಳೆ ಹಿಂಜುವ ವಿಭಾಗ. ಅಲ್ಲಿಯ ಯಂತ್ರದ ಉರುಳೆಗಳ ಮೈತುಂಬ ಸೂಜಿಯಂಥ ತಂತಿಯ ಹಲ್ಲು. ಅರಳೆ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿಯೇ ತೆಗೆಯಬೇಕೆಂದು ಗೋಡೆಯ ಮೇಲೆ ಬರೆದಿತ್ತಂತೆ. ಆದರೆ ಗೋಡೆ ಬೈಯುವುದಿಲ್ಲ, ಯಂತ್ರ ನಿಂತರೆ ಖಾತೆಯ ಮೇಸ್ತ್ರಿ ಜಾಬರ್ ಬೈಯುತ್ತಾನೆ. ಹಾಗಾಗಿ ಎಲ್ಲರೂ ಓಡುವ ಯಂತ್ರಕ್ಕೇ ಕೈ ಹಾಕುತ್ತಿದ್ದರು. ಮುಂದಿನ ತಗಡಿನ ಮುಚ್ಚಳವನ್ನು ಯಾರೋ ಎಂದೋ ಕಳಚಿ ಮೂಲೆಗೆ ಒಗೆದಿದ್ದರು. ಒಂದು ಮಧ್ಯಾಹ್ನ ಇವರ ಬಲಗೈ ಒಳಗೆ ಹೋಯಿತು.

ಎರಡು ಬೆರಳು ಹೋದವು, ಉಳಿದವು ಕಟ್ಟಿಗೆಯಂತೆ ಸೆಟೆದುಕೊಂಡವು. ಗಾಯ ಮಾಯ್ದ ಮೇಲೆ ಬಾ ಒಂದು ಉಪಾಯ ಹೇಳಿದರು: ದಿನಾ ರೊಟ್ಟಿಯ ಹಿಟ್ಟು ನಾದಬೇಕು. ಗಂಡಸು ಹಿಟ್ಟಿನ ಪರಾತದ ಮುಂದೆ ಕೂತದ್ದು ನೋಡಿ ಚಾಳಿನ ಹೆಂಗಸರು ನಕ್ಕರು, ಇವರೂ ನಕ್ಕರು. ಬರಬರುತ್ತ ಅಂಗೈ ಗುಳಿಯಾಗುವಷ್ಟು ಮಡಚಿಕೊಂಡಿತು. ಏನನ್ನೂ ಹಿಡಿಯಲು ಮಾತ್ರ ಆಗುತ್ತಿರಲಿಲ್ಲ, ಚಮಚ ಕೊಟ್ಟರೂ ಜಾರುತ್ತಿತ್ತು. ಆದರೂ ಇನ್ನು ಗುಡಿಯಲ್ಲಿ ತೀರ್ಥ ತೆಗೆದುಕೊಳ್ಳಬಹುದೆಂದು ಇವರಿಗೆ ಎಷ್ಟು ಸಂತೋಷ!

ಕೈ ಕೆಲಸಕ್ಕೆ ಬಾರದೆಂದು ಮಿಲ್ಲಿನ ವೈದ್ಯರು ಬರೆದರೆ ಇಡಿಗಂಟು ಪರಿಹಾರ ಸಿಗುತ್ತದೆ ಎಂದು ಯೂನಿಯನ್ನಿನವರು ಹೇಳಿದರು. ಅದರಲ್ಲಿ ಚಾಳಿನ ಬಾಯಿಗೆ ಒಂದು ಚಹದಂಗಡಿ ಇಡುವುದು, ನಾನು ಚಹ ಕುದಿಸುವುದು, ಇವರು ದುಡ್ಡಿನ ಗಲ್ಲೆಯ ಮೇಲೆ ಕೂಡುವುದು, ಹೀಗೆಂದು ಮಾತಾಡಿಕೊಂಡಿದ್ದೆವು. ಆ ಯಂತ್ರದ ಹತ್ತಿರ ಇವರು ಮತ್ತೆ ಹೋಗಬಾರದು, ನನಗೆ ಬೇಕಾದದ್ದು ಅಷ್ಟೇ. ವೈದ್ಯರೆದುರು ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿರಿ, ಶೂರತನ ತೋರಿಸಬೇಡಿ ಎಂದು ಯೂನಿಯನ್ನಿನವರು ಎಚ್ಚರಿಸಿದ್ದರು. ದಾರಿಯುದ್ದಕ್ಕೂ ನಾನೂ ಅದನ್ನೇ ಜಪಿಸಿದೆ.

ವೈದ್ಯರು ಹುಣ್ಣಿಮೆಗೆ ಡಾಕೋರಿಗೆ ಹೋಗಿ ಅಲ್ಲಿಯ ಕೃಷ್ಣದೇವರು ರಣಛೋಡರಾಯನ ದರ್ಶನ ಮಾಡಿ ಬಂದಿದ್ದರು. ಕೈ ನೋಡುವ ಮೊದಲು, ಬೆಂಚಿನ ಮೇಲೆ ಕೂತ ಎಲ್ಲರಿಗೂ ಪ್ರಸಾದದ ಲಾಡು ಮುರಿದು ಕೊಡುತ್ತ ಬಂದರು. ಅವರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಇಂದಿಗೂ ಹೇಳಲಾರೆ. ಇವರು ಎದ್ದು ನಿಂತರು. ಬಲಗೈಯನ್ನು ಗುಳಿ ಮಾಡಿ, ಎಡಗೈಯನ್ನು ಅದರ ಕೆಳಗೆ ಆಸರೆ ಕೊಟ್ಟು ಮುಂದೆ ಒಡ್ಡಿದರು. ಪ್ರಸಾದ ಬಿದ್ದಮೇಲೆ ಅದನ್ನು ಕಣ್ಣಿಗೊತ್ತಿಕೊಂಡು, ಒಂದು ಪುಡಿಯೂ ಕೆಳಗೆ ಬೀಳದಂತೆ ಬಾಯಿಗೆ ಹಾಕಿಕೊಂಡರು.

“ಹಾಥ್ ತೋ ಚಾಲೆ ಛೆ,” ಎಂದರು ವೈದ್ಯರು. ಕೈ ನಡೆಯುತ್ತದಲ್ಲ! ಆಮೇಲೆ ಒಳಗೆ ಕರೆದು ಬೆರಳುಗಳನ್ನು ಅತ್ತಿತ್ತ ಬಗ್ಗಿಸಿ ನೋಡಿದ್ದು ಬರೀ ಶಾಸ್ತ್ರಕ್ಕೆ. ಹೋದ ಎರಡು ಬೆರಳಿಗೆ ಇಷ್ಟು ಎಂದು ಅಲ್ಪ ಪರಿಹಾರ ಬರೆದರು, ಉಳಿದ ಕೈ ಹಳೆಯ ಕೆಲಸಕ್ಕೆ ಅಡ್ಡಿಯಿಲ್ಲವೆಂದರು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ನಡುರಸ್ತೆಯಲ್ಲೇ ಜಗಳಕ್ಕೆ ನಿಂತೆ. ಎಡಗೈ ಒಡ್ಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಿದೆ.

“ನಿನ್ನ ಮುಂದ ನಾ ಹ್ಯಾಂಗರೆ ಇರತೇನಿ,” ಎಂದರು ಇವರು. “ದೇವರ ಪ್ರಸಾದಕ್ಕ ಎಡಗೈ ಹ್ಯಾಂಗ ಒಡ್ಡಲಿ?”

ಇವರ ಜಾಗದಲ್ಲಿ ನಾನಿದ್ದರೂ ಬಲಗೈಯನ್ನೇ ಚಾಚುತ್ತಿದ್ದೆ. ಯೂನಿಯನ್ನಿನವರು ಪರಿಹಾರದ ಅಧಿಕಾರಿಯವರೆಗೂ ಹೋದರು. ಆ ಅಧಿಕಾರಿ ಪ್ರಸಾದದ ಸಂಗತಿ ಕೇಳಿ ತಲೆ ತಗ್ಗಿಸಿದರಂತೆ. ಆದರೂ ವೈದ್ಯರು ಬರೆದದ್ದನ್ನು ಅವರು ಬದಲಾಯಿಸಲಿಲ್ಲ.

ಇವರು ಮತ್ತೆ ಅದೇ ಖಾತೆಗೆ ಹೋದರು. ನಾನು ಮನೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂಡುತ್ತಿದ್ದೆ. ಇವರಿಗೆ ಅರಳೆಯ ಸುರುಳಿ ಎತ್ತಲು ಬಾರದು. ಯಂತ್ರ ಓಡತೊಡಗಿದರೆ ಮೈಯೆಲ್ಲ ಬೆವರು. ಕುಂಟು ನೆಪ ಹೇಳುತ್ತಾನೆಂದು ಜಾಬರ್ ಎಲ್ಲರೆದುರು ಹಂಗಿಸಿದ. ಒಂದು ದಿನ ಪಾಳಿ ಮುಗಿಯುವ ಮೊದಲೇ ಮನೆಗೆ ಬಂದು, ಕೆಲಸ ಬಿಟ್ಟೆನೆಂದರು. ತಾವಾಗಿ ಬಿಟ್ಟವರಿಗೆ ಮಿಲ್ಲು ಮತ್ತೇನು ಕೊಡುತ್ತದೆ? ಚಹದಂಗಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಊರಿಗೆ ಹೊರಟ ದಿನ ಬಾ ಸ್ಟೇಷನ್ನಿನವರೆಗೆ ಬಂದರು. ಮುಂಬಯಿ ಗಾಡಿಗೆ ಜನವೋ ಜನ. ನಾನು ಹೇಗೋ ಮೊದಲು ಹತ್ತಿದೆ. ಇವರ ಎಡಗೈಯಲ್ಲಿ ಟ್ರಂಕು, ಗಾಡಿ ಮೆಲ್ಲಗೆ ಸರಿಯತೊಡಗಿತ್ತು. ಬಾಗಿಲ ಸರಳಿಗೆ ಬಲಗೈ ಹಾಕಿದರು, ಜಾರಿತು. ಮತ್ತೆ ಹಾಕಿದರು, ಜಾರಿತು. ನಾನು ಬಗ್ಗಿ ಮುಂಗೈ ಹಿಡಿದು ಜಗ್ಗಿದೆ, ಕೆಳಗಿನಿಂದ ಒಬ್ಬ ಹಮಾಲ ನೂಕಿದ, ಟ್ರಂಕು ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಆ ಕೈ ಏನನ್ನೂ ಹಿಡಿಯಲಾರದೆಂದು ಅಂದು ಅಲ್ಲಿ ನಿಂತವರೆಲ್ಲ ಕಣ್ಣಾರೆ ನೋಡಿದರು. ಅದನ್ನು ಬರೆದುಕೊಳ್ಳಬೇಕಾದ ವೈದ್ಯರು ಮಾತ್ರ ಅಲ್ಲಿರಲಿಲ್ಲ.