ಬಂದೇಸಾಬ ಬಾರಿಸದ ನೀರು

ಮಸ್ಕಿಯ ಬಂದೇಸಾಬನ ತಬಲಾ ಎಂದರೆ ಸುತ್ತಲಿನ ಊರುಗಳಿಗೆ ಕುದುರೆ ಮತ್ತು ರೈಲು. ತೀನ್‌ತಾಲದ ಹದಿನಾರು ಮಾತ್ರೆಗಳೊಳಗೆ ಅವನು ಕುದುರೆಯನ್ನು ಓಡಿಸುತ್ತಿದ್ದ, ರೈಲನ್ನು ನಿಲ್ದಾಣಕ್ಕೆ ತಂದು ನಿಲ್ಲಿಸುತ್ತಿದ್ದ. ಹೀಗೆ ಕಟ್ಟಿದ ಪ್ರತಿ ಗತ್ತಿಗೆ ಮೊದಲು ಅದರ ಬೋಲುಗಳನ್ನು, ಅಂದರೆ ಏಟಿನ ಅಕ್ಷರಗಳನ್ನು, ಬಾಯಲ್ಲಿ ಹೇಳಿ, ಇದು ಇಂಥದ್ದರ ಚಿತ್ರವೆಂದು ತಿಳಿಸಿ, ಆಮೇಲೆ ಕೈಯಾಡಿಸುವುದು ಅವನ ಮನೆತನದ ಪದ್ಧತಿ. ಹೇಳದೆ ಬಾರಿಸಿದ್ದು ಕದ್ದು ಬಾರಿಸಿದಂತೆ ಎಂದು ತಂದೆ ಕಲಿಸಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು, ವಿದ್ಯೆಯನ್ನು ಆಟವೆಂದೇ ಎಣಿಸುತ್ತಿದ್ದರು.

ತಬಲಾದಿಂದ ಹೊಟ್ಟೆ ತುಂಬದ್ದರಿಂದ ಅವನ ಹೆಂಡತಿ ಹಾಜಿರಾಬೀ ಜವಳಗೇರಾದ ಕಾಲುವೆ ಕೆಲಸಕ್ಕೆ ಬಂದಳು. ಆಕೆಯ ಜೋಡಿಯಾಗಿ ಮಣ್ಣಿನ ಬುಟ್ಟಿ ಹೊತ್ತವಳು ನಾನು. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ. ಬಂಡೆಗಿಟ್ಟ ಮದ್ದಿಗೆ ಬೆಂಕಿ ಹಚ್ಚುವ ಮುನ್ನ ಸೀಟಿ ಊದಿ ಆಳುಗಳನ್ನು ದೂರ ಕಳಿಸಬೇಕು. ಗುತ್ತೇದಾರ ಬಸವಂತರಾಯನ ಅವಸರದಲ್ಲಿ ಅಂದು ಸೀಟಿ ಊದಲಿಲ್ಲ. ಬಂಡೆ ಸಿಡಿಯಿತು; ಹಾಜಿರಾಬೀ ಸತ್ತಳು. ಕಾಲು ಜಾರಿ ಬಿದ್ದಳೆಂದು ಅವನು ಊರಿಗೆಲ್ಲ ಸಾರಿದ. ಹೆಣ ಸಾಗಿಸುವ ಮೊದಲೇ ನಮ್ಮನ್ನು ಮತ್ತೆ ಬುಟ್ಟಿ ಹೊರಲು ಹಚ್ಚಿದ.

ಆ ಕಾಲುವೆಗೆ ನೀರು ಬಂದದ್ದು ೧೯೫೫ರಲ್ಲಿ. ಬಂದೇಸಾಬ ಗುದ್ದಲಿಯಿಂದ ಹಿಡಿದು, ನಡುವೆ ಬಂಡೆ ಸಿಡಿದದ್ದನ್ನೂ ಸೇರಿಸಿ, ನೀರಿನವರೆಗೆ ಕಾಲುವೆಯ ಗತ್ತು ಕಟ್ಟಿದ್ದಾನೆಂದು ಕೇಳಿ, ಬಸವಂತರಾಯ ನೀರು ಬಂದ ಸಂಭ್ರಮಕ್ಕೆ ಹಾಕಿಸಿದ ತನ್ನ ಹೊಲದ ಚಪ್ಪರಕ್ಕೆ ಅವನನ್ನೇ ಕರೆಸಿದ.

“ಗುದ್ದಲಿ ಬಾರ್ಸು, ನೀರು ಬಾರ್ಸು. ನಡುವಿಂದು ಬಿಡಲೇ. ಶುಭದಾಗ ಸಾವ್ಯಾಕ?”

“ನಡುವಿಂದು ದಾಟದ ನೀರು ಹೆಂಗ ಬರ್ತೈತ್ರಿ ಧಣಿ? ಬೇಕಂದ್ರ ಬಾಯಿಲೆ ಹೇಳಂಗಿಲ್ಲ. ಬಾರ್ಸೋದಂತೂ ಬಿಡಂಗಿಲ್ಲ.”

“ನಿನ್ನ ಕುದುರಿ ಚಲೋ ಇತ್ತು ನೋಡು. ಎದುರು ಮಾತಾಡ್ತಿದ್ದಿಲ್ಲ!”

ಸುತ್ತಲಿದ್ದವರು ನಕ್ಕರು. ಬಂದೇಸಾಬ ತಬಲಾಗಳ ಗವಸು ಬಿಚ್ಚಿದ.

ಬಂದೇಸಾಬನ ಜೊತೆಗಾರ ಆದೆಪ್ಪ ಹಾರ್ಮೋನಿಯಂ ಮೇಲೆ ಒಂದೇ ಸ್ವರಪಂಕ್ತಿಯನ್ನು ತಿರುತಿರುಗಿ ನುಡಿಸುತ್ತ ತಾಳ ಹಿಡಿದ. ಬಂದೇಸಾಬ ಗುದ್ದಲಿಯನ್ನು ಹೇಳಿ ಬಾರಿಸಿದ, ಬುಟ್ಟಿಗಳ ಸಾಲನ್ನು ಹೇಳಿ ಬಾರಿಸಿದ. ಆಮೇಲೆ ಏನನ್ನೂ ಹೇಳದೆ ಎಡಗೈಯ ದಪ್ಪ ದನಿಯ ಡಗ್ಗಾದ ಮೇಲೆ ಒಂದೇ ಏಟು ಹಾಕಿ ಎರಡೂ ಕೈ ಎತ್ತಿಬಿಟ್ಟ. ಹಾರ್ಮೋನಿಯಂ ಮಾತ್ರ ನಡೆಯುತ್ತಲೇ ಇತ್ತು, ಹಾಜಿರಾಬೀ ಸತ್ತ ದಿನ ಕೆಲಸ ನಡೆದಂತೆ.

ಬಸವಂತರಾಯ ಗತ್ತು ಮುಗಿಯಿತೆಂದು ತಿಳಿದ. “ಭಲೇ ಸಾಬ!” ಎಂದು ಶಾಲು ಹಿಡಿದು ಎದ್ದ. ಚಪ್ಪರವೆಲ್ಲ ಚಪ್ಪಾಳೆ ತಟ್ಟಿತು. ಒಬ್ಬ ಹೆಣ್ಣುಮಗಳ ಸಾವಿಗೆ ಬಿದ್ದ ಆ ಚಪ್ಪಾಳೆಯನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

“ನಿಲ್ಲಸ್ರಿ!” ಬಂದೇಸಾಬ ಗುಡುಗಿದ. “ನನ್ನ ಹಾಜಿರಾ ಸತ್ತಾಳ ಇಲ್ಲಿ. ಹೇಳದ ಬಾರ್ಸಿದ್ದು ನನ್ನ ತಪ್ಪು, ಈಗ ಹೇಳ್ತೀನಿ. ಆಕಿ ಜಾರಿ ಬಿದ್ದಿಲ್ಲ. ಸೀಟಿ ಊದಿದ್ದಿಲ್ಲ. ಬೆಂಕಿ ಹಚ್ಚು ಅಂದಾಂವ ಇಲ್ಲೇ ಶಾಲು ಹಿಡ್ಕೊಂಡು ನಿಂತಾನ.”

“ಆದೆಪ್ಪ, ಪೆಟ್ಟಿಗಿ ಮುಚ್ಚಲೇ!” ಬಸವಂತರಾಯ ಕಿರುಚಿದ.

“ಗತ್ತು ಇನ್ನಾ ಮುಗಿದಿಲ್ರೀ,” ಎಂದ ಆದೆಪ್ಪ, ತಲೆಯೆತ್ತದೆ.

ಬಂದೇಸಾಬ ಆ ಏಟನ್ನು ಬಾಯಲ್ಲಿ ಹೇಳಿ, ಮತ್ತೊಮ್ಮೆ ಹಾಕಿ, ಕೈ ಎತ್ತಿ ಹಿಡಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಕುಳಿತಿದ್ದ ಬುಟ್ಟಿಯ ಹೆಂಗಸರೆಲ್ಲ ಎದ್ದು ನಿಂತೆವು.

ನೀರಿನ ಗತ್ತು ಉಳಿದಿತ್ತು. ಅವನು ತಬಲಾಗಳಿಗೆ ಗವಸು ಹಾಕಿದ.

“ನೀರು ನಿಮ್ಮದೈತಲ್ರೀ. ನೀವ ಬಾರಿಸ್ಕೊಳ್ರಿ.”

ಬಸವಂತರಾಯನ ಮೇಲೆ ಯಾವ ಫಿರ್ಯಾದೂ ಆಗಲಿಲ್ಲ. ಅದೇ ನೀರಿನಲ್ಲಿ ಬತ್ತ ಬೆಳೆದು ಮೀಸೆ ತಿರುವಿದ. ಆದರೆ ಹಾಜಿರಾಬೀ ಜಾರಿ ಬಿದ್ದಳೆಂದು ಜವಳಗೇರಾದಲ್ಲಿ ಮತ್ತೆ ಹೇಳಲು ಅವನಿಗೂ ಬಾಯಿ ಬರಲಿಲ್ಲ.